ನಿಪ್ಪಲ್ ಕೊಂಡವಳ ತಪ್ಪೇನು?

ಹೆತ್ತವಳಿಗೆ ಬುದ್ಧಿ ಹೇಳುವವರಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ತಿಪಟೂರಾಗಲಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಊರುಗಳಾಗಲಿ, ಮಗುವಿನ ಬಾಯಲ್ಲಿ ರಬ್ಬರ್ ನಿಪ್ಪಲ್ ಕಂಡರೆ ಸಾಕು, ಅತ್ತೆಯಿಂದ ಹಿಡಿದು ವೇದಿಕೆಯ ಭಾಷಣಕಾರರವರೆಗೆ ಎಲ್ಲರೂ ತಾಯಿಯನ್ನೇ ತರಾಟೆಗೆ ತೆಗೆದುಕೊಳ್ಳುತ್ತಾರೆ. ಈಗಿನ ಹುಡುಗಿಯರಿಗೆ ಮೈ ಬಗ್ಗುವುದಿಲ್ಲವಂತೆ, ಹಾಲೂಡಿಸಿದರೆ ಅಂದ ಕೆಡುತ್ತದೆಂಬ ಭಯವಂತೆ. ಅವಳು ಅದನ್ನು ಕೊಂಡದ್ದೇಕೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನಾವು ನಿಪ್ಪಲ್ಲಿನ ವಕಾಲತ್ತು ವಹಿಸುತ್ತಿಲ್ಲ. ಮಗು ಚೀಪಿದಷ್ಟೂ ಎದೆಯಲ್ಲಿ ಹಾಲು ಹೆಚ್ಚುತ್ತದೆ. ಹಾಲು ಇಳಿದು ನೆಲೆ ನಿಲ್ಲಬೇಕಾದ ಮೊದಲ ವಾರಗಳಲ್ಲಿ ಹಸಿದ ಮಗುವಿಗೆ ರಬ್ಬರ್ ಚೀಪಿಸಿದರೆ ಅದರ ಹಸಿವಿನ ಸುಳಿವೇ ತಾಯಿಗೆ ತಪ್ಪಿಹೋಗುತ್ತದೆ. ನೆಲಕ್ಕೆ ಬಿದ್ದದ್ದನ್ನು ಸೆರಗಿನಲ್ಲಿ ಒರೆಸಿ ಮತ್ತೆ ಬಾಯಿಗಿಡುವುದು, ಜೇನಿನಲ್ಲಿ ಅದ್ದಿ ಕೊಡುವುದು ಇನ್ನೂ ಕೆಟ್ಟದ್ದು. ವರ್ಷ ತುಂಬದ ಮಗುವಿಗೆ ಜೇನು ಕೂಡದು ಎಂಬುದನ್ನು ಹಿಂದೂ, ಮುಸ್ಲಿಮ್ ಎರಡೂ ಮನೆಗಳ ಹಿರಿಯರು ತಿಳಿಯಬೇಕಾಗಿದೆ. ಹಾಗೆಂದು ನಿಪ್ಪಲ್ ವಿಷವೂ ಅಲ್ಲ. 1989ರಲ್ಲಿ ಎದೆಹಾಲು ಕುಡಿಯುವ ಮಕ್ಕಳಿಗೆ ಅದು ಬೇಡವೇ ಬೇಡ ಎಂದಿದ್ದ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್, 2018ರಲ್ಲಿ ಮಾತು ಬದಲಿಸಿ, ಅದರ ಬಳಕೆ ಮತ್ತು ಅಪಾಯಗಳನ್ನು ತಾಯಿಗೆ ತಿಳಿಸಿ ಹೇಳಿ ಎಂದವು. ತಿಳಿಸಿ ಹೇಳುವುದು ಬೇರೆ, ಝಾಡಿಸುವುದು ಬೇರೆ.

ಇನ್ನು ಬಾಟಲಿ. ಅದರ ಮೂಲೆ, ತಿರುಪುಗಳಲ್ಲಿ ಹಾಲಿನ ಜಿಡ್ಡು ಕೂತರೆ ತೆಗೆಯುವುದು ಕಷ್ಟ. ನಮ್ಮ ಅಜ್ಜಿಯರ ಒಳಲೆಗೆ ಆ ಕಾಟವಿಲ್ಲ. ಕುದಿಯುವ ನೀರಿಗೆ ಹಾಕಿ ತೆಗೆದರೆ ಮುಗಿಯಿತು. ಪಂಪಿಗೆ ಸಾವಿರಾರು ರೂಪಾಯಿ ಸುರಿಯಲಾಗದವಳು ಕೈತೊಳೆದುಕೊಂಡು ಶುಚಿಯಾದ ಲೋಟಕ್ಕೆ ಹಾಲು ಹಿಂಡಿಟ್ಟು ಒಳಲೆಯಲ್ಲಿ ಕುಡಿಸಬಹುದು. ಇದನ್ನು ಹೇಳಿಕೊಡುವವರು ಕಡಿಮೆ. ಏಕೆಂದರೆ ಇದರಲ್ಲಿ ಯಾರಿಗೂ ಲಾಭವಿಲ್ಲ. 1992ರ ಕಾಯ್ದೆ, 2003ರ ಅದರ ತಿದ್ದುಪಡಿ, ಹಾಲಿನ ಪುಡಿ, ಬಾಟಲಿ, ಶಿಶು ಆಹಾರಗಳ ಜಾಹೀರಾತನ್ನೂ ತಾಯಂದಿರಿಗೆ ಉಚಿತ ಸ್ಯಾಂಪಲ್ ಕೊಡುವುದನ್ನೂ ನಿಷೇಧಿಸಿವೆ. ಆಸ್ಪತ್ರೆಯ ಗೋಡೆಯ ಮೇಲೆ ಅವುಗಳ ಪೋಸ್ಟರ್ ಕೂಡದು. ಬರೀ ಚೀಪಿಸುವ ನಿಪ್ಪಲ್ ಆ ಕಾಯ್ದೆಯ ಹೆಸರಿನಲ್ಲಿಲ್ಲ. ಅಂಗಡಿಯವನು ಅದನ್ನು ಎದುರಿಗೇ ತೂಗುಹಾಕಿರುತ್ತಾನೆ.

ಆದರೂ ಅದನ್ನು ಕೊಳ್ಳುವವಳ ದಿನಚರಿ ನೋಡಿ. ತೆಂಗಿನಕಾಯಿ ಅಟ್ಟದ ಮೇಲೆ ಒಂದು ವರ್ಷದ ಹತ್ತಿರ ಕೂತು, ಒಳಗಿನ ನೀರೆಲ್ಲ ಇಂಗಿದ ಮೇಲೆ ಉಂಡೆ ಕೊಬ್ಬರಿಯಾಗುತ್ತದೆ. ಸಿಪ್ಪೆ, ಕರಟ ಬಿಡಿಸುವ ಕೆಲಸ ಆಮೇಲಿನದು. ಕಾಯಿ ಒಣಗಲು ವರ್ಷ ಕಾಯುವ ನಾಡು ಬಾಣಂತಿ ಮೈ ಕೂಡಿಸಿಕೊಳ್ಳಲು ಆರು ತಿಂಗಳು ಕಾಯುವುದಿಲ್ಲ. ತವರಿನ ಬಾಣಂತನವೋ, ನಮ್ಮ ಮನೆಗಳ ಚಿಲ್ಲಾದ ನಲವತ್ತು ದಿನವೋ ಮುಗಿಯಿತೆಂದರೆ ಕೂಲಿಯವಳು ಕೊಬ್ಬರಿ ಮನೆಗೆ, ತೆಂಗಿನ ಪುಡಿಯ ಕಾರ್ಖಾನೆಗೆ, ನಾರಿನ ಕೆಲಸಕ್ಕೆ ಹೊರಡಬೇಕು. ಮಗು ಅಕ್ಕನ ಕಂಕುಳಲ್ಲಿ. ಅದು ಅತ್ತರೆ ಎಂಟು ವರ್ಷದ ಅಕ್ಕ ಏನು ಕೊಟ್ಟಾಳು?

ಕಾನೂನು ಇಲ್ಲವೆಂದಲ್ಲ. ಹೆರಿಗೆ ರಜೆಯನ್ನು 2017ರಲ್ಲಿ 12 ವಾರದಿಂದ 26 ವಾರಕ್ಕೆ ಏರಿಸಿದರು, 50 ಜನ ದುಡಿಯುವ ಕಡೆ ಮಕ್ಕಳ ಪಾಲನಾ ಕೇಂದ್ರ ಕಡ್ಡಾಯವೆಂದರು. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವಳಿಗೆ, ಲೆಕ್ಕದ ಕೂಲಿಯವಳಿಗೆ ಇದರಿಂದ ಏನು ಬಂತು? 2013ರ ಆಹಾರ ಭದ್ರತಾ ಕಾಯ್ದೆ ಗರ್ಭಿಣಿ, ಬಾಣಂತಿಯರಿಗೆ ಕನಿಷ್ಠ 6,000 ರೂಪಾಯಿ ಎಂದು ಬರೆಯಿತು. 2017ರ ಮಾತೃ ವಂದನಾ ಯೋಜನೆ ಮೊದಲ ಮಗುವಿಗೆ 5,000 ಎಂದಿತು. ಎರಡನೆಯದು ಹೆಣ್ಣಾದರೆ 6,000 ಎಂಬುದು ಆಮೇಲೆ ಸೇರಿದ್ದು. ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಕೊಡಬೇಡ ಎನ್ನುವ ಸರ್ಕಾರದ ಈ 5,000ವನ್ನು 180 ದಿನಕ್ಕೆ ಹಂಚಿದರೆ ದಿನಕ್ಕೆ 28 ರೂಪಾಯಿಯೂ ಬೀಳುವುದಿಲ್ಲ.

ನಮ್ಮವರ ಉಪದೇಶದ ವಿಷಯಕ್ಕೂ ಬರೋಣ. ಎರಡು ವರ್ಷ ಹಾಲೂಡಿಸಬೇಕೆಂದು ಸೂರಃ ಬಕರಃದ 233ನೇ ವಚನವನ್ನು ಹೆಂಗಸರಿಗೆ ನೆನಪಿಸುವವರು ಅದೇ ವಚನದ ಉಳಿದ ಭಾಗವನ್ನು ಗಂಡಸರಿಗೆ ಏಕೆ ಓದಿ ಹೇಳುವುದಿಲ್ಲ? ಹಾಲೂಡಿಸುವವಳ ಊಟ, ಬಟ್ಟೆಯ ಹೊಣೆ ತಂದೆಯದೆಂದು ಅಲ್ಲಿದೆ. ಯಾರ ಮೇಲೂ ಶಕ್ತಿಮೀರಿದ ಭಾರ ಹೊರಿಸಬಾರದೆಂದಿದೆ. ಬೇಗ ಹಾಲು ಬಿಡಿಸುವುದಾದರೆ ಇಬ್ಬರೂ ಸಮಾಲೋಚಿಸಿ, ಒಪ್ಪಿ ಬಿಡಿಸಲಿ, ಅದರಲ್ಲಿ ದೋಷವಿಲ್ಲ ಎಂದೂ ಇದೆ. ಬಾಣಂತಿ ನೀರು ಕುಡಿಯಬಾರದೆಂದು ಚೊಂಬು ಕಿತ್ತುಕೊಂಡು, ಮಾರನೆಯ ವಾರ ಹಾಲಿಲ್ಲವೆಂದು ಮೂದಲಿಸುವ ಮನೆಗಳು ಯಾವ ಧರ್ಮವನ್ನು ಪಾಲಿಸುತ್ತಿವೆಯೋ ನಮಗೆ ತಿಳಿಯದು.

ತಾಯಿಯ ಕೈಯಿಂದ ನಿಪ್ಪಲ್ ಕಿತ್ತುಕೊಳ್ಳಲು ಹೊರಟವರಿಗೆ ನಮ್ಮ ಪ್ರಶ್ನೆಗಳು ಕೆಲವೇ. ಕೊಬ್ಬರಿ ವ್ಯಾಪಾರಿಗಳೇ, ನಿಮ್ಮ ಗೋದಾಮಿನಲ್ಲಿ ಬಾಗಿಲಿರುವ ಒಂದು ಕೋಣೆ, ಹಾಲೂಡಿಸಲು ಎರಡು ಹೊತ್ತಿನ ಬಿಡುವು ಇದೆಯೇ? ಆ ಬಿಡುವಿಗೆ ಕೂಲಿ ಹಿಡಿಯುತ್ತೀರೋ ಕೊಡುತ್ತೀರೋ? ಮಸೀದಿ, ಮಠಗಳ ಕಮಿಟಿಯವರೇ, ಕೂಲಿ ಬಿಟ್ಟು ಮನೆಯಲ್ಲಿ ಕುಳಿತ ಬಾಣಂತಿಯ ಒಲೆಗೆ ಆರು ತಿಂಗಳ ಅಕ್ಕಿ ಯಾರು ಕಳಿಸುತ್ತೀರಿ?