ಸ್ಪೇಸ್ ಅಳಿಸುವ ಮುನ್ನ ಒಂದು ಮಾತು

ಸಾಲಿನ ಕೊನೆಯಲ್ಲಿ ಒಂದು ಸ್ಪೇಸ್ ಹೆಚ್ಚಿದ್ದರೆ ಯಾರ ಗಂಟೇನು ಹೋಗುತ್ತದೆ? ಸುದ್ದಿ ಕಳಿಸುವಾಗ ನಾವ್ಯಾರೂ ಇದಕ್ಕೆ ತಲೆ ಕೆಡಿಸಿಕೊಂಡವರಲ್ಲ. ನುಡಿಯಲ್ಲಿ ಟೈಪ್ ಮಾಡಿ, ಯೂನಿಕೋಡ್‌ಗೆ ಬದಲಿಸಿ, ಡೆಸ್ಕ್‌ಗೆ ವಾಟ್ಸಾಪ್ ಮಾಡಿದರೆ ಮುಗಿಯಿತು. ಅಲ್ಪವಿರಾಮದ ಹಿಂದೆ ಒಂದು ಸ್ಪೇಸ್, ಮುಂದೆ ಎರಡು ಇದ್ದರೆ ಬೈದುಕೊಂಡು ಸರಿಮಾಡಲು ಅಲ್ಲಿ ಉಪಸಂಪಾದಕರಿದ್ದಾರೆ.

ಕಳೆದ ವರ್ಷ ನಾವು ನಾಲ್ಕು ಜನ ಸೇರಿ ಒಂದು ಮುಕ್ತ ತಂತ್ರಾಂಶದ ಕೈಪಿಡಿಯನ್ನು ಕನ್ನಡಕ್ಕೆ ತರಲು ಹೊರಟಾಗ ಈ ಅಭ್ಯಾಸ ತಿರುಗಿ ಹೊಡೆಯಿತು. ಎಲ್ಲರ ಕಡತಗಳನ್ನು ಒಟ್ಟು ಮಾಡಿದರೆ ಒಬ್ಬರದು ಟ್ಯಾಬ್, ಇನ್ನೊಬ್ಬರದು ಸ್ಪೇಸ್, ಮತ್ತೊಬ್ಬರದರಲ್ಲಿ ಸಾಲಿಗೊಂದು ಬಾಲ. ಸ್ವಚ್ಛ ಮಾಡೋಣ ಅಂದುಕೊಂಡು, ಕಾಣದ ಅಕ್ಷರಗಳನ್ನೆಲ್ಲ ಅಳಿಸುವ ಒಂದು ಸಾಲಿನ ಸ್ಕ್ರಿಪ್ಟ್ ಹುಡುಕಿ ಓಡಿಸಿದೆವು. ಎರಡು ಸೆಕೆಂಡಿನ ಕೆಲಸ. ಸಾಫ್ಟ್‌ವೇರ್ ಹೋಗಿ ಸಾಫ್ಟ್ವೇರ್ ಆಯಿತು. ಉದಾಹರಣೆಗೆಂದು ಹಾಕಿದ್ದ ರಾಜ್‌ಕುಮಾರ್ ಹೆಸರು ರಾಜ್ಕುಮಾರ್ ಆಯಿತು. ರ‍್ಯಾಂಕ್ ಎಂಬಲ್ಲಿ ಅರ್ಕಾವತ್ತು ಬಂದು ಕೂತಿತು.

ಕಾರಣ ಇಷ್ಟೇ. ಕನ್ನಡದಲ್ಲಿ ಎರಡು ವ್ಯಂಜನಗಳು ಒತ್ತಕ್ಷರವಾಗಿ ಅಂಟಿಕೊಳ್ಳದಂತೆ ನಡುವೆ ಒಂದು ಕಾಣದ ಚಿಹ್ನೆ ಇಡುತ್ತೇವೆ. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ರಕಾರಕ್ಕೆ ಅರ್ಕಾವತ್ತು ಬೇಡವೆಂದಾಗ ಬಳಸುವುದು 200ಡಿ. ಇಂಗ್ಲಿಷ್ ಕಡತಕ್ಕೆಂದು ಬರೆದ ಎಷ್ಟೋ ಸ್ಕ್ರಿಪ್ಟ್‌ಗಳು 200ಬಿಯಿಂದ 200ಡಿವರೆಗೆ ಎಲ್ಲವನ್ನೂ ಕಸವೆಂದು ಗುಡಿಸುತ್ತವೆ. ಬರೆದವರಿಗೆ ನಮ್ಮ ಮೇಲೆ ದ್ವೇಷವೇನಿಲ್ಲ, ನಾವು ಇದ್ದೇವೆ ಅನ್ನುವುದೇ ಅವರ ತಲೆಗೆ ಬಂದಿಲ್ಲ.

ತಪ್ಪು ನಮ್ಮದೂ ಹೌದು. ಮಾರ್ಕ್‌ಡೌನ್ ಬರಹದಲ್ಲಿ ಸಾಲಿನ ಕೊನೆಗೆ ಎರಡು ಸ್ಪೇಸ್ ಇದ್ದರೆ ಮುಂದಿನದು ಹೊಸ ಸಾಲಿಗೆ ಹೋಗಬೇಕೆಂದು ಅರ್ಥ. ಆ ಬಾಲ ಕತ್ತರಿಸಿದ್ದರಿಂದ ಬೇರೆ ಬೇರೆ ಸಾಲಿನಲ್ಲಿದ್ದ ಸೂಚನೆಗಳು ಒಂದರ ಹಿಂದೊಂದು ಸೇರಿ ಚಿತ್ರಾನ್ನವಾದವು. ಟ್ಯಾಬನ್ನು ಸ್ಪೇಸ್ ಮಾಡಿದ್ದು ಇನ್ನೂ ದೊಡ್ಡ ಎಡವಟ್ಟು. ಮೇಕ್‌ಫೈಲ್‌ನಲ್ಲಿ ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು. ಕೈಪಿಡಿ ನೋಡಿ ನಕಲು ಮಾಡಿಕೊಂಡ ಹುಡುಗನಿಗೆ ಸಿಗುವುದು 'ಮಿಸ್ಸಿಂಗ್ ಸೆಪರೇಟರ್' ಎಂಬ ದೋಷಸಂದೇಶ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಪಾಪ ಅವನು ಎಲ್ಲಿ ಅಂತ ಹುಡುಕಬೇಕು? ವೈಎಎಂಎಲ್ ಕಡತದಲ್ಲಿ ಇದರ ಉಲ್ಟಾ, ಸಾಲನ್ನು ಒಳಗೆ ಸರಿಸಲು ಟ್ಯಾಬ್ ಬಳಸುವ ಹಾಗೇ ಇಲ್ಲ.

ಹಾಗಾದರೆ ಮುಟ್ಟುವುದೇ ಬೇಡವೇ? ಲಿನಕ್ಸ್ ಕರ್ನಲ್ ಬಳಗದ ಮಾರ್ಗಸೂಚಿ ಹೆಚ್ಚುಕಡಿಮೆ ಹಾಗೇ ಹೇಳುತ್ತದೆ. ಬರೀ ಅಂದಚಂದದ ತಿದ್ದುಪಡಿ ಅವರ ಲೆಕ್ಕದಲ್ಲಿ ಗದ್ದಲ. ಬೇರೆ ಕೆಲಸಕ್ಕೆ ಅದೇ ಜಾಗಕ್ಕೆ ಬಂದಾಗ ಇದನ್ನೂ ಸರಿಮಾಡಿ ಅನ್ನುತ್ತಾರೆ. ಕೋಡ್ ಮಟ್ಟಿಗೆ ಒಪ್ಪುತ್ತೇವೆ. ಕೈಪಿಡಿಯ ವಿಷಯದಲ್ಲಿ ಅರ್ಧ ಮಾತ್ರ ಒಪ್ಪುತ್ತೇವೆ, ಏಕೆಂದರೆ ಅಲ್ಲಿ ಖಾಲಿ ಜಾಗಕ್ಕೂ ಅರ್ಥವಿದೆ, ಅದು ಕೆಟ್ಟರೆ ಓದುವವನು ದಾರಿ ತಪ್ಪುತ್ತಾನೆ. ಜೊತೆಗೆ, ಕೋಡ್ ಬರೆಯಲು ಬಾರದ ನಮ್ಮಂಥವರಿಗೆ ಒಳಹೋಗಲು ಇರುವ ಬಾಗಿಲೂ ಇದೇ.

ಆ ಬಾಗಿಲಿನಲ್ಲಿ ನೂಕುನುಗ್ಗಲು ಮಾಡಿದವರೂ ಇದ್ದಾರೆ. 2020ರ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ಒಂದು ಟಿ-ಶರ್ಟ್ ಆಸೆಗೆ, ಯಾರ್ಯಾರದೋ ರೀಡ್‌ಮಿ ಕಡತಕ್ಕೆ ಒಂದು ಪದವನ್ನೋ ಸ್ಪೇಸನ್ನೋ ಸೇರಿಸಿ ಕಳಿಸಿದವರಿಂದ ನಿರ್ವಾಹಕರು ರೋಸಿಹೋದರು. ಕೊನೆಗೆ ಆಯೋಜಕರು, ನಿರ್ವಾಹಕರು ಒಪ್ಪಿದ ಯೋಜನೆಗಳಿಗೆ ಮಾತ್ರ ಅಂತ ನಿಯಮ ಬದಲಿಸಬೇಕಾಯಿತು. ಹೆಸರಿಗೊಂದು ಬೈಲೈನ್ ಸಿಕ್ಕರೆ ಸಾಕೆಂದು ಪ್ರೆಸ್‌ನೋಟಿಗೆ ಎರಡು ಪದ ಸೇರಿಸುವವರನ್ನು ನಾವೂ ನೋಡಿದ್ದೇವಲ್ಲ!

ಇನ್ನೊಂದು ಸಂಗತಿ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ ಗಿಟ್, ಬದಲಾವಣೆಯನ್ನು ಸಾಲಿನ ಲೆಕ್ಕದಲ್ಲಿ ತೋರಿಸುತ್ತದೆ. ಒಂದು ಸ್ಪೇಸ್ ಅಳಿಸಿದರೂ ಆ ಸಾಲು ಅಳಿಸಿದವನ ಹೆಸರಿಗೆ ಹೋಗುತ್ತದೆ. ಬೇಲಿ ಸರಿಮಾಡಿದವನ ಹೆಸರಿಗೆ ಪಹಣಿ ಬದಲಾದಂತೆ. ಈ ವಿಷಯ ಬರೆದವರು ಯಾರು, ಏಕೆ ಬರೆದರು ಎಂದು ಕೇಳಲು ಹೋದವನಿಗೆ ನಮ್ಮಂಥ ಗುಡಿಸುವವರು ಸಿಗುತ್ತಾರೆ. 2019ರ 2.23 ಆವೃತ್ತಿಯಲ್ಲಿ ಇದಕ್ಕೆ ಮದ್ದು ಬಂದಿದೆ. ಗುಡಿಸಿದ ಕಮಿಟ್‌ಗಳ ಪಟ್ಟಿಯೊಂದನ್ನು ಇಟ್ಟರೆ ಗಿಟ್ ಅವನ್ನು ದಾಟಿ ಮೂಲ ಬರಹಗಾರನನ್ನೇ ತೋರಿಸುತ್ತದೆ. ಆದರೆ ಸ್ವಚ್ಛತೆಯ ಕಮಿಟ್ ಬೇರೆಯೇ ಇದ್ದಾಗ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ. ಅದರಲ್ಲೇ ಎರಡು ವಾಕ್ಯವನ್ನೂ ತಿದ್ದಿ ಸೇರಿಸಿಬಿಟ್ಟರೆ, ನೂರಾರು ಸಾಲಿನ ನಡುವೆ ಆ ಎರಡು ವಾಕ್ಯವನ್ನು ಪರಿಶೀಲಿಸುವವರು ಹೇಗೆ ಕಂಡುಹಿಡಿಯಬೇಕು?

ನಮ್ಮ ಕೈಪಿಡಿಯನ್ನು ಹಳೇ ಕಮಿಟ್‌ಗೆ ಮರಳಿಸಿ ಮತ್ತೆ ಶುರುಮಾಡಿದ್ದೇವೆ. ಈ ಸಲ ಕಡತಕ್ಕೊಂದು ಕಮಿಟ್, ಮಾರ್ಕ್‌ಡೌನ್ ಬಾಲಕ್ಕೆ ಕತ್ತರಿ ಇಲ್ಲ, 200ಸಿ ಮತ್ತು 200ಡಿಗೆ ಕೈ ಹಚ್ಚುವಂತಿಲ್ಲ. ಕಳಿಸುವ ಮೊದಲು ಸಿದ್ಧವಾದ ಪುಟವನ್ನು ಒಬ್ಬರು ಗಟ್ಟಿಯಾಗಿ ಓದುತ್ತಾರೆ. ಹನ್ನೊಂದು ಕಡತ ಮುಗಿದಿವೆ, ಇನ್ನೂ ಇಪ್ಪತ್ತು ಬಾಕಿ ಇವೆ. ಬಿಡುವಿದ್ದವರು ಬನ್ನಿ, ಕೋಡ್ ಬರಬೇಕೆಂದೇನಿಲ್ಲ.