ಸೈಟಿಗೆ ಮುಂಗಡ ಕೊಡೋ ಮುಂಚೆ...

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದರು ಹಿರಿಯರು. ಈಗ ಸೈಟು ನೋಡೋದೇ ದೊಡ್ಡ ಪರೀಕ್ಷೆ! ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಎಲ್ಲಿ ಬಸ್ಸಿಳಿದರೂ ಹೊಲದಲ್ಲಿ ಸುಣ್ಣ ಬಳಿದ ಕಲ್ಲುಗಳು. "ಹೈವೇ ಪಕ್ಕ ಸ್ವಾಮಿ, ನಾಳೆ ಡಬಲ್ ರೇಟು" ಅನ್ನುತ್ತಾನೆ ದಲ್ಲಾಳಿ. ಹೈವೇ ಇದ್ದರೆ ಸಾಕೆ? ಬಸ್ಸು ನಿಂತರಲ್ಲವೆ ಅಂಗಡಿಗೆ ಗಿರಾಕಿ!

ಬೇಸಿಗೆಯಲ್ಲಿ ತೋರಿಸಿದ ಜಾಗ ಮಳೆಗಾಲದಲ್ಲಿ ಹೇಗಿರುತ್ತೆ? 2019ರ ಆಗಸ್ಟಿನಲ್ಲಿ ಲಕ್ಷ್ಮಣತೀರ್ಥ ಉಕ್ಕಿ ಹುಣಸೂರಿನ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತ್ತು. ಕೆ.ಆರ್. ನಗರ ಭತ್ತದ ಸೀಮೆ. ಗದ್ದೆಗೆ ಮಣ್ಣು ತುಂಬಿ ಮಾಡಿದ ಸೈಟಾದರೆ ಗಟ್ಟಿ ನೆಲ ಸಿಗೋವರೆಗೂ ಅಗೆಯಬೇಕು, ಪಾಯಕ್ಕೇ ಅರ್ಧ ದುಡ್ಡು ಕರಗುತ್ತದೆ. ಕೋಟೆ ಕಡೆ ಕಾಡು ಹತ್ತಿರ. ಬಂಡೀಪುರದ ಸುತ್ತ 2012ರಲ್ಲೇ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಗಿದೆ. ರೆಸಾರ್ಟಿನ ಕನಸು ಕಾಣುವವರು ಸರ್ವೆ ನಂಬರು ಅದರೊಳಗೆ ಬರುತ್ತದೋ ಅಂತ ಮೊದಲು ನೋಡಬೇಕು.

ಪಿರಿಯಾಪಟ್ಟಣದ ತಂಬಾಕು ಹೊಲ ಅಳೆದು ಹಂಚಿದ ಮಾತ್ರಕ್ಕೆ ಬಡಾವಣೆ ಆಗದು. 1964ರ ಭೂ ಕಂದಾಯ ಕಾಯಿದೆಯ 95ನೇ ಕಲಮಿನಂತೆ ಭೂ ಪರಿವರ್ತನೆ ಆಗಬೇಕು, ಬಡಾವಣೆ ನಕ್ಷೆಗೆ ಮಂಜೂರಾತಿ ಇರಬೇಕು. ಇವೆರಡೂ ಇಲ್ಲದ ರೆವಿನ್ಯೂ ಸೈಟಿಗೆ ಬ್ಯಾಂಕ್ ಸಾಲವೂ ಕಷ್ಟ, ಲೈಸೆನ್ಸೂ ಕಷ್ಟ.

ದಲ್ಲಾಳಿ ಎರಡೂ ಕಡೆ ಕಮಿಷನ್ ತಗೊಂಡು ಹೋಗುತ್ತಾನೆ. ಸಿಕ್ಕಿಬೀಳೋದು ಚೀಟಿ ಎತ್ತಿದ ದುಡ್ಡು, ಒಡವೆ ಅಡವಿಟ್ಟ ದುಡ್ಡು. ಆದ್ದರಿಂದ ಮುಂಗಡಕ್ಕೆ ಮೊದಲು ಪಹಣಿ ನೋಡಿ, ಋಣಭಾರ ಪತ್ರ ನೋಡಿ, ಒಂದು ಜೋರು ಮಳೆಯನ್ನೂ ನೋಡಿ. "ಅಷ್ಟು ದಿನ ಕಾಯೋಕಾಗಲ್ಲ" ಅಂತ ಆತ ಅವಸರ ಮಾಡಿದರೆ, ಉತ್ತರ ಅಲ್ಲೇ ಸಿಕ್ಕಿತು!