ದುಡ್ಡು ಆಸ್ಟ್ರೇಲಿಯಾದ್ದು, ತೀರ್ಮಾನ ವಾಷಿಂಗ್ಟನ್ನಿನದು

ಅಣುಶಕ್ತಿ ಚಾಲಿತ ಜಲಾಂತರ್ಗಾಮಿಗಳಿಗಾಗಿ ಆಸ್ಟ್ರೇಲಿಯಾ ಈಗಾಗಲೇ ಅಮೆರಿಕಕ್ಕೆ ಕಂತು ಕಟ್ಟುತ್ತಿದೆ. 2025ರ ಫೆಬ್ರುವರಿಯಲ್ಲಿ ಮೊದಲ ಕಂತಾಗಿ 50 ಕೋಟಿ ಅಮೆರಿಕನ್ ಡಾಲರ್ ಸಂದಾಯವಾಯಿತು. ಒಟ್ಟು ಕೊಡಬೇಕಿರುವುದು 300 ಕೋಟಿ. ಇದು ಹಡಗಿನ ಬೆಲೆಯೂ ಅಲ್ಲ, ಅಮೆರಿಕದ ಹಡಗುಕಟ್ಟೆಗಳು ಚುರುಕಾಗಲಿ ಎಂದು ಕೊಡುತ್ತಿರುವ ಹಣ. ಹಡಗು ಕೈಸೇರದಿದ್ದರೆ ವಾಪಸ್ ಕೊಡಬೇಕೆಂಬ ಷರತ್ತು ಇದಕ್ಕಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ. ಆದರೆ ಅಮೆರಿಕ, ಬ್ರಿಟನ್ ಜತೆಗಿನ ಈ ಆಕಸ್ ಒಪ್ಪಂದವನ್ನು ವಿರೋಧಿಸಲು ಹಣವೊಂದೇ ಕಾರಣವಲ್ಲ. ತನ್ನ ರಕ್ಷಣೆಯ ಅತಿ ದೊಡ್ಡ ತೀರ್ಮಾನವನ್ನು ಒಂದು ಸ್ವತಂತ್ರ ದೇಶ ಇನ್ನೊಂದು ದೇಶದ ಅಧ್ಯಕ್ಷರ ಸಹಿಗೆ ಒಪ್ಪಿಸಿ ಕುಳಿತಿದೆ.

ಶುರುವಾದದ್ದೇ ಗುಟ್ಟಿನಲ್ಲಿ. ಫ್ರಾನ್ಸಿನ ಜತೆ 12 ಡೀಸೆಲ್-ವಿದ್ಯುತ್ ಜಲಾಂತರ್ಗಾಮಿಗಳ ಯೋಜನೆ ಕೈಯಲ್ಲಿರುವಾಗಲೇ, 2021ರ ಸೆಪ್ಟೆಂಬರಿನಲ್ಲಿ ಆಗಿನ ಪ್ರಧಾನಿ ಸ್ಕಾಟ್ ಮಾರಿಸನ್ ಅವರು ಅಮೆರಿಕದ ಅಧ್ಯಕ್ಷ ಬೈಡನ್ ಮತ್ತು ಬ್ರಿಟನ್ನಿನ ಪ್ರಧಾನಿ ಬೋರಿಸ್ ಜಾನ್ಸನ್ ಜತೆಗೂಡಿ ಆಕಸ್ ಘೋಷಿಸಿದರು. ಫ್ರಾನ್ಸ್ ಸಿಟ್ಟಿನಿಂದ ರಾಯಭಾರಿಗಳನ್ನು ವಾಪಸ್ ಕರೆಸಿಕೊಂಡಿತು. ಒಂದು ಹಡಗೂ ನೀರಿಗಿಳಿಯದೆ ರದ್ದಾದ ಫ್ರೆಂಚ್ ಯೋಜನೆಗೆ, ಪರಿಹಾರವೂ ಸೇರಿ, ಸುಮಾರು 340 ಕೋಟಿ ಆಸ್ಟ್ರೇಲಿಯನ್ ಡಾಲರ್ ಖರ್ಚಾಯಿತು. ಆಗ ವಿರೋಧ ಪಕ್ಷದಲ್ಲಿದ್ದ ಲೇಬರ್ ನಾಯಕರಿಗೆ ವಿಷಯ ತಿಳಿದದ್ದು ಘೋಷಣೆಯ ಹಿಂದಿನ ದಿನ. ಒಂದು ದಿನ ತುಂಬುವುದರೊಳಗೆ ಅವರೂ ಒಪ್ಪಿಬಿಟ್ಟರು. ಅಂದು ಒಪ್ಪಿದ ಆಂಟನಿ ಆಲ್ಬನೀಸ್ ಅವರೇ ಇಂದು ಪ್ರಧಾನಿ. ಮೂರು ದಶಕಗಳ ಹೊರೆಯನ್ನು ಹೊರುವುದೋ ಬೇಡವೋ ಎಂದು ಯೋಚಿಸಲು ಒಂದು ದಿನ ಸಾಕಾಯಿತೆಂದರೆ, ಅಲ್ಲಿ ಚುನಾವಣೆಯ ಭಯ ಕೆಲಸ ಮಾಡಿತೇ ಹೊರತು ದೇಶದ ಹಿತವಲ್ಲ.

ಆ ಹೊರೆ ಎಷ್ಟೆಂದು ನೋಡಿ. 2023ರ ಮಾರ್ಚಿನಲ್ಲಿ ಹೊರಬಿದ್ದ ಅಂದಾಜಿನ ಗರಿಷ್ಠ ಮಿತಿ 36,800 ಕೋಟಿ ಆಸ್ಟ್ರೇಲಿಯನ್ ಡಾಲರ್. ರೂಪಾಯಿ ಲೆಕ್ಕದಲ್ಲಿ 20 ಲಕ್ಷ ಕೋಟಿಗೂ ಮೇಲೆ, ಅಂದರೆ ಕರ್ನಾಟಕ ಸರ್ಕಾರದ ಐದು ವರ್ಷಗಳ ಬಜೆಟ್ಟಿನಷ್ಟು. ಇದಕ್ಕೆ ಪ್ರತಿಯಾಗಿ 2030ರ ದಶಕದಲ್ಲಿ ಅಮೆರಿಕದಿಂದ ಮೂರು ವರ್ಜೀನಿಯಾ ದರ್ಜೆಯ ಹಡಗುಗಳು, ಅವುಗಳಲ್ಲಿ ಕೆಲವು ಬಳಸಿದವು. ಬ್ರಿಟನ್ನಿನ ಜತೆ ವಿನ್ಯಾಸ ಮಾಡಿ ಅಡಿಲೇಡಿನಲ್ಲಿ ಕಟ್ಟುವ ಹಡಗುಗಳು ಬರುವುದು 2040ರ ದಶಕಕ್ಕೆ.

ಇವೆಲ್ಲ ಬರುವುದೇ ಅನುಮಾನ. ವರ್ಜೀನಿಯಾ ಹಡಗುಗಳನ್ನು ಕಟ್ಟುವ ಕಟ್ಟೆಗಳು ಎರಡೇ: ಕನೆಕ್ಟಿಕಟ್‌ನ ಗ್ರಾಟನ್, ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್. ನೂರಾರು ಮೀಟರ್ ಆಳದ ಒತ್ತಡ ತಾಳಬೇಕಾದ ಹಡಗಿನ ಹೊರಕವಚದಲ್ಲಿ ಒಂದೊಂದು ಬೆಸುಗೆಯನ್ನೂ ಪರೀಕ್ಷೆ ಮಾಡಿಯೇ ಮುಂದಕ್ಕೆ ಹೋಗಬೇಕು. ಅಂಥ ಕೈಪಳಗಿದ ವೆಲ್ಡರ್‌ಗಳು ಇಂದು ಕೆಲಸಕ್ಕೆ ಸೇರಿ ನಾಳೆ ತಯಾರಾಗುವುದಿಲ್ಲ, ದುಡ್ಡು ಸುರಿದ ಮಾತ್ರಕ್ಕೆ ಸಿಗುವುದೂ ಇಲ್ಲ. ಅಮೆರಿಕದ ನೌಕಾಪಡೆಗೆ ವರ್ಷಕ್ಕೆ ಎರಡು ಹಡಗು ಬೇಕು. ಆಸ್ಟ್ರೇಲಿಯಾಕ್ಕೂ ಕೊಡಬೇಕೆಂದರೆ ಆ ವೇಗ 2.33ಕ್ಕೆ ಏರಬೇಕು. ಇತ್ತೀಚಿನ ವರ್ಷಗಳಲ್ಲಿ ಆಗುತ್ತಿರುವುದು 1.2ರ ಆಸುಪಾಸು. 66 ದಾಳಿ ಜಲಾಂತರ್ಗಾಮಿಗಳು ಬೇಕೆನ್ನುವ ಆ ನೌಕಾಪಡೆಯ ಬಳಿ ಇರುವುದು ಐವತ್ತರಷ್ಟು. ಇಷ್ಟು ಕೊರತೆ ಇಟ್ಟುಕೊಂಡವರು ತಮ್ಮದನ್ನು ಬಿಟ್ಟುಕೊಡುತ್ತಾರೆಯೇ? ಕೊಡದಿರಲು ಅವರ ಕಾನೂನಿನಲ್ಲೇ ದಾರಿಯಿದೆ. ಹಡಗು ಹಸ್ತಾಂತರಕ್ಕೆ 270 ದಿನ ಮುಂಚೆ, ಇದರಿಂದ ನಮ್ಮ ಸಾಗರದಾಳದ ಬಲ ಕುಗ್ಗುವುದಿಲ್ಲ ಎಂದು ಅಧ್ಯಕ್ಷರು ಅಮೆರಿಕದ ಸಂಸತ್ತಿಗೆ ಪ್ರಮಾಣಪತ್ರ ಕೊಡಬೇಕು. 2025ರಲ್ಲಿ ಡೊನಾಲ್ಡ್ ಟ್ರಂಪ್ ಒಪ್ಪಂದದ ಬೆನ್ನಿಗೆ ನಿಂತರು, ನಿಜ. ಆದರೆ ಆ ಪತ್ರಕ್ಕೆ ಸಹಿ ಹಾಕಬೇಕಾದವರು 2030ರ ದಶಕದ ಅಧ್ಯಕ್ಷರು. ಅವರು ಯಾರು, ಅವರ ಮನಸ್ಸು ಹೇಗೆ ಎಂಬುದನ್ನು ಕ್ಯಾನ್‌ಬೆರಾದಲ್ಲಿ ಕುಳಿತ ಯಾರೂ ಹೇಳಲಾರರು.

ಒಪ್ಪಂದದ ಪರವಾದಿಗಳ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಡೀಸೆಲ್ ಹಡಗು ಬ್ಯಾಟರಿ ತುಂಬಿಕೊಳ್ಳಲು ಆಗಾಗ ನೀರಿನ ಮೇಲ್ಮೈ ಹತ್ತಿರಕ್ಕೆ ಬಂದು, ಕೊಳವೆ ಮೇಲೆತ್ತಿ, ಎಂಜಿನ್ ಓಡಿಸಬೇಕು. ಶತ್ರುವಿನ ಕಣ್ಣಿಗೆ ಬೀಳುವುದು ಆಗಲೇ. ಅಣುಶಕ್ತಿಯ ಹಡಗಿಗೆ ಆ ತೊಂದರೆಯಿಲ್ಲ, ಆಹಾರ ಮುಗಿಯುವವರೆಗೂ ಆಳದಲ್ಲೇ ಇರಬಹುದು. 2025ರ ಆರಂಭದಲ್ಲಿ ಚೀನಾದ ಯುದ್ಧನೌಕೆಗಳು ಆಸ್ಟ್ರೇಲಿಯಾವನ್ನು ಸುತ್ತುಹಾಕಿ, ಟಾಸ್ಮನ್ ಸಮುದ್ರದಲ್ಲಿ ಗುಂಡು ಹಾರಿಸುವ ಅಭ್ಯಾಸ ನಡೆಸಿದ್ದನ್ನೂ ಮರೆಯುವಂತಿಲ್ಲ. ಆದರೆ ಅಪಾಯ ಈ ದಶಕದ್ದಾದರೆ ಹಡಗು ಮುಂದಿನ ದಶಕದ್ದು. ಅಲ್ಲಿಯವರೆಗೆ ದಿಕ್ಕು 1996ರಿಂದ ಸೇವೆಗೆ ಬಂದ ಆರು ಕಾಲಿನ್ಸ್ ಡೀಸೆಲ್ ಜಲಾಂತರ್ಗಾಮಿಗಳು. ಅವುಗಳನ್ನು ರಿಪೇರಿ ಮಾಡಿ ಇನ್ನೊಂದು ದಶಕ ಓಡಿಸುವ ಕಸರತ್ತು ನಡೆದಿದೆ.

ನಡುವೆ ಖಂಡಿತ ಬರುವುದು ಒಂದೇ. 2027ರಿಂದ ಪರ್ತ್ ಬಳಿಯ ಸ್ಟರ್ಲಿಂಗ್ ನೌಕಾನೆಲೆಗೆ ಅಮೆರಿಕದ ನಾಲ್ಕರವರೆಗೆ, ಬ್ರಿಟನ್ನಿನ ಒಂದು ಜಲಾಂತರ್ಗಾಮಿ ಸರದಿಯ ಮೇಲೆ ಬಂದು ನಿಲ್ಲಲಿವೆ. ಆಸ್ಟ್ರೇಲಿಯಾದ ನಾವಿಕರು ಅಮೆರಿಕದ ಜಲಾಂತರ್ಗಾಮಿಯ ದುರಸ್ತಿಗೆ 2024ರಲ್ಲೇ ಅಲ್ಲಿ ಕೈಹಚ್ಚಿದ್ದಾರೆ. ತಮ್ಮ ಹಡಗು ಬಾರದಿದ್ದರೂ ಪರರ ಹಡಗಿಗೆ ನೆಲೆ ಸಿದ್ಧ. ತೈವಾನ್ ವಿಷಯದಲ್ಲಿ ಅಮೆರಿಕಕ್ಕೂ ಚೀನಾಕ್ಕೂ ಯುದ್ಧವಾದರೆ ಆ ನೆಲೆಯೂ ಗುರಿಯಾಗುತ್ತದೆ. ಯುದ್ಧಕ್ಕೆ ಸೇರುವುದೋ ಬಿಡುವುದೋ ಎಂದು ತೀರ್ಮಾನಿಸುವ ಅವಕಾಶ ಆಗ ಆಸ್ಟ್ರೇಲಿಯಾದ ಸಂಸತ್ತಿಗೆ ಎಷ್ಟು ಉಳಿದಿರುತ್ತದೆ?

ಅಣು ಜಲಾಂತರ್ಗಾಮಿಯ ಹಾದಿ ಎಷ್ಟು ದೂರದ್ದೆಂದು ಭಾರತೀಯರಾದ ನಮಗೆ ಗೊತ್ತು. ಭಾರತ 1988ರಲ್ಲಿ ಸೋವಿಯತ್ ಒಕ್ಕೂಟದಿಂದ ಐಎನ್‌ಎಸ್ ಚಕ್ರವನ್ನು ಗುತ್ತಿಗೆಗೆ ತಂದು, ಕಲಿತು, ಮೂರು ವರ್ಷಕ್ಕೆ ಹಿಂದಿರುಗಿಸಿತು. ಸ್ವಂತ ಅರಿಹಂತ್ ಸೇವೆಗೆ ಸೇರಿದ್ದು 2016ರಲ್ಲಿ. 28 ವರ್ಷ! ಅದೂ ಕಲ್ಪಾಕ್ಕಂನಲ್ಲಿ ಮಾದರಿ ರಿಯಾಕ್ಟರ್ ಇದ್ದು, ನಮ್ಮ ಮೈಸೂರಿನ ಬಳಿಯ ರತ್ನಹಳ್ಳಿಯಲ್ಲಿ ಯುರೇನಿಯಂ ಸಂಪುಷ್ಟಗೊಳಿಸುವ ಘಟಕವಿದ್ದು. ಆಸ್ಟ್ರೇಲಿಯಾದಲ್ಲಿ ಒಂದೇ ಒಂದು ಅಣುವಿದ್ಯುತ್ ಸ್ಥಾವರವಿಲ್ಲ. ಅದಕ್ಕೆ ಕಾನೂನಿನ ನಿಷೇಧವೇ ಇದೆ. ಸಿಡ್ನಿಯ ಲ್ಯೂಕಸ್ ಹೈಟ್ಸ್‌ನಲ್ಲಿರುವ ಸಂಶೋಧನಾ ರಿಯಾಕ್ಟರ್ ಬಿಟ್ಟರೆ ಈ ವಿದ್ಯೆಗೆ ಅಲ್ಲಿ ನೆಲವೇ ಇಲ್ಲ. ಜಲಾಂತರ್ಗಾಮಿಯ ರಿಯಾಕ್ಟರ್ ಬರುವುದೂ ಬೀಗ ಹಾಕಿ ಮುಚ್ಚಿದ ಸ್ಥಿತಿಯಲ್ಲಿ. ಹೀಗಿರುವಾಗ ಸಾರ್ವಭೌಮ ಸಾಮರ್ಥ್ಯ ಎಂದು ಮಂತ್ರಿಗಳು ಹೇಳುವುದನ್ನು ಜನ ಯಾಕೆ ನಂಬಬೇಕು?

ಇನ್ನು ತ್ಯಾಜ್ಯದ ಮಾತು. ಹಡಗಿನ ಆಯಸ್ಸು ಮುಗಿದ ಮೇಲೆ ಉಳಿಯುವುದು ಅಸ್ತ್ರ ದರ್ಜೆಯ ಯುರೇನಿಯಂ ಇಂಧನ. ಅದನ್ನು ತಾನೇ ಇಟ್ಟುಕೊಳ್ಳುವುದಾಗಿ ಆಸ್ಟ್ರೇಲಿಯಾ ಮಾತು ಕೊಟ್ಟಿದೆ. ಅದಕ್ಕಿಂತ ಎಷ್ಟೋ ಸೌಮ್ಯವಾದ ತ್ಯಾಜ್ಯಕ್ಕೇ ಅದು ಜಾಗ ಹುಡುಕಲಾಗಲಿಲ್ಲ. ದಕ್ಷಿಣ ಆಸ್ಟ್ರೇಲಿಯಾದ ಕಿಂಬಾ ಬಳಿ ಗುರುತಿಸಿದ್ದ ನೆಲಕ್ಕಾಗಿ ಬಾರ್ನ್‌ಗಾರ್ಲಾ ಮೂಲನಿವಾಸಿಗಳು ಹೋರಾಡಿ 2023ರಲ್ಲಿ ಕೋರ್ಟಿನಲ್ಲಿ ಗೆದ್ದರು, ಸರ್ಕಾರ ಯೋಜನೆ ಕೈಬಿಟ್ಟಿತು. ಅನುಭವಿಗಳಾದ ಬ್ರಿಟಿಷರ ಗತಿಯೂ ಅಷ್ಟೇ. ಅವರ ಮೊದಲ ಅಣು ಜಲಾಂತರ್ಗಾಮಿ ಡ್ರೆಡ್‌ನಾಟ್ 1980ರಲ್ಲಿ ನಿವೃತ್ತವಾದರೂ ದಶಕಗಳಿಂದ ಸ್ಕಾಟ್‌ಲೆಂಡಿನ ರೊಸೈತ್‌ನಲ್ಲೇ ನಿಂತಿದೆ. ಆಸ್ಟ್ರೇಲಿಯಾದಲ್ಲಿ ಈ ಹೊರೆ ಬೀಳುವುದು ಯಾರ ನೆಲದ ಮೇಲೆ ಎಂಬುದನ್ನು ಅಲ್ಲಿನ ಮೂಲನಿವಾಸಿಗಳು ಈಗಲೇ ಕೇಳುತ್ತಿದ್ದಾರೆ, ಕೇಳಬೇಕಾದ್ದೇ.

ಬೇರೆ ದಾರಿಯಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಇದೇ ಆಲ್ಬನೀಸ್ ಸರ್ಕಾರ 2025ರ ಆಗಸ್ಟಿನಲ್ಲಿ ಜಪಾನಿನ ಮೊಗಾಮಿ ಯುದ್ಧನೌಕೆಗಳನ್ನು ಆರಿಸಿಕೊಂಡಿತು, ಮೊದಲನೆಯದು 2029ಕ್ಕೆ ಬರಬೇಕು. ಜಪಾನ್ ಒಳ್ಳೆಯ ಡೀಸೆಲ್-ವಿದ್ಯುತ್ ಜಲಾಂತರ್ಗಾಮಿಗಳನ್ನೂ ಕಟ್ಟುತ್ತದೆ. ವರ್ಜೀನಿಯಾದಷ್ಟು ದೂರ ಅವು ಹೋಗಲಾರವು, ಆದರೆ ಅವುಗಳ ಕೀಲಿ ಆಸ್ಟ್ರೇಲಿಯಾದ ಕೈಯಲ್ಲೇ ಇರುತ್ತದೆ. ಅವುಗಳಿಗಾಗಿ ಮಾತುಕತೆ ಈ ವರ್ಷವೇ ಶುರುವಾಗಬೇಕು. ಅಮೆರಿಕಕ್ಕೆ ಮುಂದಿನ ಕಂತು ಹೋಗುವ ಮುಂಚೆ, ಹಡಗು ಬಾರದಿದ್ದರೆ ಹಣ ವಾಪಸ್ ಎಂಬ ಷರತ್ತನ್ನು ಲಿಖಿತವಾಗಿ ಪಡೆದು, ಕಾಲಿನ್ಸ್ ನಂತರ ಏನು ಎಂಬ ಯೋಜನೆಯ ಜತೆಗೆ ಅದನ್ನು ಸಂಸತ್ತಿನ ಮುಂದಿಡಬೇಕು. ಷರತ್ತಿಗೆ ವಾಷಿಂಗ್ಟನ್ ಒಪ್ಪದಿದ್ದರೆ ಕಂತು ನಿಲ್ಲಿಸಬೇಕು.